ಇನ್ನೂ ಬಾರದ ಗಾಡಿ

ತರೀಕೆರೆ, ೧೯೧೧

ಅಬ್ಬಾ,

ನಿಮ್ಮ ಗೋರಿಯವರೆಗೆ ಯಾವ ಅಂಚೆಯೂ ಹೋಗುವುದಿಲ್ಲ. ಆದರೂ ಹೇಳದೆ ಇರಲಾರೆ: ಇವತ್ತು ನಿಮ್ಮ ಮಗಳು ಗೆದ್ದಳು!

ಮಸೀದಿಯ ಅಂಗಳಕ್ಕೆ ಪರವೂರಿನ ಮೌಲ್ವಿಯೊಬ್ಬರು ಬಂದಿದ್ದರು. ಕುರಾನಿನಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಮಾತಾದ ಮೇಲೆ ‘ನೀವು ಅರಿಯದ್ದನ್ನೂ ಅವನು ಸೃಷ್ಟಿಸುತ್ತಾನೆ’ ಎಂದು ಬರುತ್ತದಲ್ಲ, ಅದು ರೈಲಿನ ವಿಷಯವೇ ಎಂದರು. ಜನ ತಲೆದೂಗಿದರು. ನಾನು ಹೆಂಗಸರ ಪರದೆಯ ಹಿಂದೆ ಎದ್ದು ನಿಂತೆ.

“ರೈಲು ಬರೋಕ್ಕೆ ಮುಂಚೆ ಇದು ಯಾರಿಗೂ ಯಾಕೆ ಹೊಳೀಲಿಲ್ಲ, ಮೌಲ್ವಿ ಸಾಬ್? ಇನ್ನೂ ಬರದೇ ಇರೋ ಗಾಡಿ ಒಂದನ್ನ ಅದರಲ್ಲೇ ನೋಡಿ ಹೇಳಿ.”

ಅವರು “ನಂಗೆ ತಿಳೀದಮ್ಮಾ” ಎಂದರು. ಅಂಗಡಿ ಬುಡನ್ ಸಾಬರು ಕೂಗಿಯೇಬಿಟ್ಟರು: “ಅಜ್ಜಂಪುರದ ಉಸ್ತಾದರ ಮಗಳು ಕಣ್ರೋ!”

ಪ್ರಶ್ನೆ ನಿಮ್ಮದೇ, ಅಬ್ಬಾ. ಹದಿನೈದರ ವಯಸ್ಸಿನಲ್ಲಿ ನಾನೂ ಆ ಮೌಲ್ವಿಯವರಂತೆಯೇ ವಾದಿಸಿದಾಗ ನೀವು ನನ್ನನ್ನು ಕೇಳಿದ್ದು. ಉತ್ತರ ತೋಚದೆ, ನಿಮ್ಮ ಶಿಷ್ಯರೆದುರಿಗೇ ನಿಮ್ಮನ್ನು ದೀನ್ ಬಿಟ್ಟವರು, ಧರ್ಮಭ್ರಷ್ಟರು ಎಂದುಬಿಟ್ಟಿದ್ದೆ.

ಈ ಮೌಲ್ವಿಯವರು ನನ್ನನ್ನು ಹಾಗೆ ಅನ್ನಲಿಲ್ಲ.

ನಿಮ್ಮ
ಖೈರುನ್ನಿಸಾ