ಫೋನು ಕೊಟ್ಟ ವಿಳಾಸ

ಹೊಲಿಗೆ ಅಂಗಡಿಯಿಂದ,
ಗುರುವಾರ, ೧೪ನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಸೊಸೆಗೆ, ಅಲ್ಲ, ಮಗಳಿಗೆ,

ಮಣಿಕಟ್ಟಿನ ನೋವು ಹೇಗಿದೆ? ಪಟ್ಟಿ ಬಿಚ್ಚಿದರು ಅಂತ ಭಾರ ಎತ್ತಬೇಡ. ಪುಟ್ಟಿಯ ಕೆಮ್ಮು ಇಳಿಯಿತೇ? ಹಳದಿ ಫ್ರಾಕು ಬಿಗಿಯಾದರೆ ಪಕ್ಕದ ಹೊಲಿಗೆ ಬಿಚ್ಚು, ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಲು ಹೊರಟೆ, ಕೈ ಏಳಲಿಲ್ಲ.

ನೀನಿರುವ ಜಾಗ ನಿನ್ನ ಗಂಡನಿಗೆ ಗೊತ್ತಾಗಿದೆ. ನಾನು ಬಾಯಿ ಬಿಟ್ಟಿಲ್ಲ ಕಣೇ, ಬಿಟ್ಟಿದ್ದು ನನ್ನ ಫೋನು. ಮೊಣಕಾಲಿನ ಡಾಕ್ಟರ ಹತ್ತಿರ ಹೋಗುತ್ತೇನೆ ಅಂತ ಮಗನಿಗೆ ಸುಳ್ಳು ಹೇಳಿ, ಎರಡು ಬಸ್ಸು ಬದಲಿಸಿ, ಯಾರಾದರೂ ಹಿಂದೆ ಬರುತ್ತಿದ್ದಾರಾ ಅಂತ ಕಳ್ಳಿಯ ಹಾಗೆ ತಿರುತಿರುಗಿ ನೋಡಿಕೊಂಡು ನಾಲ್ಕು ಭಾನುವಾರ ನಿಮ್ಮನ್ನು ನೋಡಲು ಬಂದೆ. ಹಿಂದೆ ಯಾರೂ ಇರಲಿಲ್ಲ, ಇದ್ದದ್ದು ನನ್ನ ಚೀಲದೊಳಗೇ. ನಿನ್ನೆ ಬೆಳಿಗ್ಗೆ ಅವನು ತಿಂಡಿ ತಟ್ಟೆ ಸರಿಸಿ ತನ್ನ ಫೋನನ್ನು ನನ್ನ ಮುಂದಿಟ್ಟ. "ಅಮ್ಮಾ, ಮೊಣಕಾಲಿನ ಡಾಕ್ಟರು ಆಟಿಕೆ ಅಂಗಡಿ ಹಿಂದಿನ ಗಲ್ಲಿಯಲ್ಲಿ ಕೂರ್ತಾರಾ?" ಅಂದ. ಮ್ಯಾಪಿನಲ್ಲಿ ನನ್ನ ಭಾನುವಾರಗಳೆಲ್ಲ ಸಾಲಾಗಿ ಇದ್ದವು. ಇಳಿದ ಸ್ಟಾಪು, ಆಟಿಕೆ ಅಂಗಡಿಯಲ್ಲಿ ಹನ್ನೊಂದು ನಿಮಿಷ, ನಿಮ್ಮ ಮನೆಯಲ್ಲಿ ಎರಡು ಗಂಟೆ ನಲವತ್ತು ನಿಮಿಷ. ನಿಮ್ಮ ಮನೆಯ ಹಸಿರು ಗೇಟಿನ ಫೋಟೋ ಬೇರೆ. ಅದರ ಕೆಳಗೆ, ಈ ಜಾಗ ನಿಮಗೆ ಹೇಗನ್ನಿಸಿತು ಅಂತ ಒಂದು ಪ್ರಶ್ನೆ! ಏನಂತ ಹೇಳಲಿ ಅದಕ್ಕೆ?

ಫೋನು ಕೊಡಿಸಿದ ದಿನವೇ ಅದನ್ನು ತನ್ನ ಖಾತೆಗೆ ಸೇರಿಸಿಕೊಂಡಿದ್ದನಂತೆ. ಫೋನು ರಿಪೇರಿ ಅಂಗಡಿಯವನನ್ನು ಕೇಳಿದರೆ, "ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲಮ್ಮಾ" ಅಂದ. ಅವತ್ತು ಪುಟ್ಟಿಯ ಫೋಟೋ ಫೋನಿನ ಪರದೆ ಮೇಲೆ ಬಂತಲ್ಲ ಅಂತ ಹಿಗ್ಗಿ, ಮಗ ಒತ್ತು ಅಂದಲ್ಲೆಲ್ಲ ಒತ್ತಿದ್ದೆ. ಅದೇ ಒಪ್ಪಿಗೆಯಂತೆ. ಒಬ್ಬ ಮುದುಕಿ ಎಲ್ಲಿ ನಡೆದಳು, ಎಷ್ಟು ಹೊತ್ತು ಕೂತಳು ಅಂತ ಬರೆದಿಟ್ಟುಕೊಳ್ಳುವವರಿಗೆ, ಅದು ಯಾರ ಕೈಗೆ ಸಿಗುತ್ತದೆ ಅನ್ನುವ ಚಿಂತೆ ಬೇಡವೇ? ಬೇಕಾದರೆ ಅಳಿಸಿಕೊಡುತ್ತೇನೆ ಅಂತಲೂ ಅಂದ ಪುಣ್ಯಾತ್ಮ. ನನ್ನ ಮಗ ನೋಡಿಯಾದ ಮೇಲೆ ಅಳಿಸಿ ಯಾವ ಸುಖ?

ನಿನ್ನ ಗಂಡ ಶನಿವಾರ ಬಂದು ಮಗುವನ್ನು ಎತ್ತಿಕೊಂಡು ಹೋಗುತ್ತಾನಂತೆ. ಈ ಪತ್ರ ತಂದವಳು ನಮ್ಮ ಅಂಗಡಿಯಲ್ಲಿ ಗುಂಡಿ ತೂತಿಗೆ ಕಾಜಾ ಹಾಕುವವಳು, ನಂಬಬಹುದು. ಇವತ್ತೇ ಅವಳ ಜೊತೆ ಹೊರಟುಬಿಡು, ಅವಳ ಅಕ್ಕನ ಮನೆಯಲ್ಲಿ ಜಾಗವಿದೆ. ಆ ಮನೆ ಎಲ್ಲಿದೆ ಅಂತ ನಾನು ಕೇಳಿಲ್ಲ, ನೀನೂ ನನಗೆ ಹೇಳಬೇಡ. ಪುಟ್ಟಿ ಅಜ್ಜಿ ಎಲ್ಲಿ ಅಂದರೆ ಏನಾದರೂ ಹೇಳಿ ಸಮಾಧಾನ ಮಾಡು. ಎಲ್ಲಿದ್ದರೂ ತಣ್ಣಗಿರಿ ಇಬ್ಬರೂ.

ನಿನ್ನ ಅತ್ತೆ

ಮರೆತಿದ್ದೆ, ಮರೆತಿದ್ದೆ ಅನ್ನುವುದೂ ಸುಳ್ಳು, ಬರೆಯಲು ಧೈರ್ಯ ಬಂದಿರಲಿಲ್ಲ: ಆಸ್ಪತ್ರೆಯಲ್ಲಿ ನೀನು ಮೆಟ್ಟಿಲಿಂದ ಬಿದ್ದೆ ಅಂದವಳು ನಾನೇ ಅಲ್ಲವೇ. ಇವತ್ತು ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ಹೋಗಿದ್ದೆ. ನನ್ನ ಮಗನೇ ಅವಳ ಕೈ ಮುರಿದದ್ದು, ನಾನು ಬಾಗಿಲಲ್ಲಿ ನಿಂತು ನೋಡಿದ್ದೆ ಅಂತ ಬರೆದುಕೊಟ್ಟು ಸಹಿ ಹಾಕಿದ್ದೇನೆ. ಈ ಪತ್ರ ತಂದವಳ ಮೂಲಕ ನಿನ್ನನ್ನು ಕರೆಸುತ್ತಾರೆ. ನನ್ನ ಮುಖ ನೋಡಿ ಸುಮ್ಮನಾಗಬೇಡ.