ರೋಜಾ ತಿಂಗಳ ತೂಕ

ಇಂಡಿ, ೮-೪-೧೯೬೨, ರವಿವಾರ

ಬ್ಯಾಟರಿ ಚಿಂತಿ ಇನ್ನೂ ಬಗೆಹರಿದಿಲ್ಲ. ಎರಡೂ ಮಂಚದ ಬುಡಕ ಕುಂತಾವು. ಜೀಪಿನ ಬ್ಯಾಟರಿ ಹದಿನಾರು ಕಿಲೋ, ಮೋಟರ್‌ಸೈಕಲ್ಲಿಂದು ನಾಕ ಕಿಲೋ. ದೊಡ್ಡದು ಹಾಕಿದ್ರ ಇಂಜಿನ್ ಒಂದ ಹೊಡತಕ್ಕ ಚಾಲೂ ಆಗ್ತೈತಿ. ಸಣ್ಣದು ಮೂರು ಸಲ ತಿರುಗಿಸಿ ಸುಸ್ತಾಗ್ತೈತಿ.

ನಾ ಕಟ್ಟಾಕತ್ತಿದ ವಿಮಾನಕ್ಕ ಎರಡ ಸೀಟು. ಎರಡನೇದು ನನ್ನ ಹೇಣ್ತಿ ಮೆಹರಾಜಳದು. ಲಗ್ನ ಆದ ವರ್ಷನ ಮಾತು ಕೊಟ್ಟೇನಿ. ಹಿಂದಿನ ಲೆಕ್ಕದಾಗ ಇಬ್ಬರೂ ಕುಂತ್ರೂ ದೊಡ್ಡ ಬ್ಯಾಟರಿ ಹಿಡೀತಿತ್ತು.

ಇವತ್ತು ನಿಂಬಿಹಣ್ಣಿನ ಅಡತಿ ವ್ಯಾಪಾರಿ ಸಿದ್ದರಾಯನ ತೂಕದ ಕಾಟಾದ ಮ್ಯಾಲೆ ಮತ್ತ ಹತ್ತಿದ್ವಿ. ಇಬ್ಬರದೂ ಕೂಡಿ ಆರು ಕಿಲೋ ಜಾಸ್ತಿ! ಇನ್ನ ದೊಡ್ಡ ಬ್ಯಾಟರಿ ಹಾಕಿದ್ರ ವಿಮಾನ ಮ್ಯಾಲೆ ಏಳೂದಿಲ್ಲ. ಕಾಟಾ ಕೆಟ್ಟೈತಿ ಅಂತ ಸಿದ್ದರಾಯನ ಮ್ಯಾಲೆ ಹರಿಹಾಯ್ದೆ. ಅಂವ ನಕ್ಕೋತ, "ಮೀರಾಸಾಬ, ಹ್ವಾದ ಸಲ ತೂಗಿದಾಗ ನಿಮ್ಮ ರೋಜಾದ ಕಡೀ ವಾರ ಇತ್ತಲ್ರಿ" ಅಂದ. ಉಪಾಸಿದ್ದ ಮೈ ನಂಬಿ ವಿಮಾನ ಕಟ್ಟಿದ ಹುಚ್ಚ ನಾನು!

ಸಂಜಿಗೆ ಮೆಹರಾಜ ಅರ್ಧ ರೊಟ್ಟಿ ತಿಂದು ತಾಟು ಸರಿಸಿದಳು. ದಿನಾ ಮೂರು ತಿನ್ನಾಕಿ.

"ಯಾಕ?" ಅಂದೆ.

"ಹಸಿವಿಲ್ರಿ" ಅಂದಳು.

ನಾನೂ ದಡ್ಡ, ನನ್ನ ಮೂರು ರೊಟ್ಟಿ ತಿಂದು ಎದ್ದೆ.

ನಾಳೆ ದೊಡ್ಡ ಬ್ಯಾಟರಿ ಹೊಳ್ಳಿ ಕೊಟ್ಟು ಬರ್ತೇನಿ. ಸಣ್ಣದರಿಂದ ಚಾಲೂ ಆಗ್ಲಿಲ್ಲಂದ್ರ ವಿಮಾನದ ಮುಂದಿನ ಪಂಖಾ ಕೈಲೇ ತಿರವ್ತೇನಿ. ಕೈ ಹೋದ್ರ ಹೋಗ್ಲಿ.

ಬರ್ಕೋತ ಕುಂತೇನಿ, ಆಕಿ ಆಕಡೆ ಮಾರಿ ಮಾಡಿ ನಿದ್ದಿ ಬಂದಂಗ ಮಲಗ್ಯಾಳ. ಹೊಟ್ಟಿ ಗುರುಗುಟ್ಟೋದು ಇಲ್ಲೀತನಕ ಕೇಳಾಕತ್ತೈತಿ. ಎದ್ದು ಒಲಿ ಹಚ್ಚಿ ಎರಡು ರೊಟ್ಟಿ ಬಿಸಿ ಮಾಡಿ ಆಕೀನ ಎಬ್ಬಸ್ತೇನಿ.