ಕುರ್ಚಿಗೆ ಲಿಫ್ಟು, ದೊಡ್ಡಮ್ಮನಿಗೆ ಮೆಟ್ಟಿಲು

ಕಟ್ಟಡದ ಆಡಳಿತಾಧಿಕಾರಿಗಳೇ,

ಕುರ್ಚಿಗಳನ್ನು ಲಿಫ್ಟಿನಲ್ಲಿ ಸುತ್ತಾಡಿಸಿದ ಆರೋಪದ ಮೇಲೆ ನೀವು ನನ್ನ ದೊಡ್ಡಮ್ಮನನ್ನು ಕೆಲಸದಿಂದ ತೆಗೆದಿದ್ದೀರಿ. ಅವಳನ್ನು ವಾಪಸು ಕರೆಸಿಕೊಳ್ಳಿ ಎಂದು ಕೇಳಲು ಈ ಬಹಿರಂಗ ಪತ್ರ. ಎದುರಿಗೇ ಬಂದು ಹೇಳಬಹುದಿತ್ತು. ಆದರೆ ನೀವಿರುವುದು ಏಳನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಉಸಿರಿನ ಜೊತೆ ಸಿಟ್ಟೂ ಖಾಲಿಯಾಗಿರುತ್ತದೆ.

ಓದುವ ಇತರರಿಗಾಗಿ ಮೊದಲಿನಿಂದ ಹೇಳುತ್ತೇನೆ. ದೊಡ್ಡಮ್ಮ, ನಾನು ಇಬ್ಬರೂ ಈ ಕಚೇರಿಯ ನೆಲ ಒರೆಸುವವರು. ಲಿಫ್ಟಿನಲ್ಲಿ ನಮ್ಮ ಪಕ್ಕ ನಿಂತರೆ ವಾಸನೆ ಬರುತ್ತದೆಂದು ಯಾರೋ ದೂರು ಕೊಟ್ಟರಂತೆ. ಬರುತ್ತದೆ, ಸುಳ್ಳಲ್ಲ. ಅದು ನೀವೇ ಆರಿಸಿ ತರಿಸಿದ ಫಿನಾಯಿಲಿನದು. ನಿಮ್ಮ ನೆಲದ ಮೇಲಿರುವಾಗ ಅದು ಸ್ವಚ್ಛತೆಯ ವಾಸನೆ. ನಮ್ಮ ಬಟ್ಟೆಗೆ ತಗುಲಿದ ಕೂಡಲೇ ಕೊಳಕಿನ ವಾಸನೆ ಆಗುವುದು ಹೇಗೆ? ನಾನು ಓದಿದ ಐದನೇ ಕ್ಲಾಸಿನವರೆಗೆ ಇದನ್ನು ಕಲಿಸಿರಲಿಲ್ಲ. ಮುಂದಿನ ಕ್ಲಾಸುಗಳಲ್ಲಿ ಕಲಿಸುತ್ತಾರೇನೋ. ಅಂತೂ ಲಿಫ್ಟಿನ ಪಕ್ಕ ನಿಮ್ಮ ಬೋರ್ಡು ಬಂತು: ‘ಸ್ವಚ್ಛತಾ ಸಿಬ್ಬಂದಿ ಸಾಮಾನು ಸಾಗಿಸುವಾಗ ಮಾತ್ರ ಲಿಫ್ಟ್ ಬಳಸತಕ್ಕದ್ದು. ಕಸದ ಚೀಲಕ್ಕೆ ಪ್ರವೇಶವಿಲ್ಲ.’

ದೊಡ್ಡಮ್ಮನ ಮಂಡಿ ಸವೆದಿದೆ. ಮೆಟ್ಟಿಲು ಇಳಿಯುವಾಗ ಹಲ್ಲು ಕಚ್ಚುತ್ತಾಳೆ, ಹತ್ತುವಾಗ ಅದೂ ಸಾಲದು. ಅಂದು ಬೆಳಿಗ್ಗೆ ಎಂದಿನಂತೆ ಲಿಫ್ಟಿನ ಮುಂದೆ ನಿಂತಳು.

“ದೊಡ್ಡಮ್ಮಾ, ಬೋರ್ಡ್ ನೋಡ್ಲಿಲ್ವಾ? ಸಾಮಾನಿದ್ರೆ ಮಾತ್ರ,” ಎಂದ ಲಿಫ್ಟ್ ನಡೆಸುವ ಅಣ್ಣ, ಮುಖ ಸಣ್ಣದು ಮಾಡಿಕೊಂಡು. ಇಡೀ ಕಟ್ಟಡವೇ ಅವಳನ್ನು ದೊಡ್ಡಮ್ಮ ಎನ್ನುತ್ತದೆ.

“ಸಾಮಾನಿಗೂ ಮಂಡಿನೋವು ಬರುತ್ತೇನಪ್ಪಾ?”

“ನನ್ನನ್ನ ಕೇಳಿದ್ರೆ? ನಾನೂ ಹೊಟ್ಟೆಪಾಡಿನವನು.”

ದೊಡ್ಡಮ್ಮ ಆಚೀಚೆ ನೋಡಿದಳು. ಕಚೇರಿಗೆ ಬರುವ ಜನ ಕೂತು ಕಾಯಲೆಂದು ಕೆಳಗಿನ ಹಾಲಿನಲ್ಲಿ ಹಾಕಿದ್ದ ಕುರ್ಚಿಗಳಲ್ಲಿ ಒಂದನ್ನು ಎಳೆದು ತಂದು ಲಿಫ್ಟಿನೊಳಗಿಟ್ಟಳು. “ಇದು ಏಳನೇ ಮಹಡಿಗೆ ಹೊರಟಿದೆ. ಪಾಪ, ಒಂಟಿಯಾಗಿ ಕಳಿಸೋಕಾಗುತ್ತಾ? ಜೊತೆಗೆ ನಾನಿದೀನಿ,” ಎಂದು ಅದರ ಮೇಲೇ ಕುಳಿತುಬಿಟ್ಟಳು.

ಮರುದಿನದಿಂದ ನೆಲ ಒರೆಸುವ ನಾವೆಲ್ಲರೂ ಕುರ್ಚಿಗಳ ನೆಂಟರಾದೆವು. ಹತ್ತುವಾಗ ಕೈಯಲ್ಲಿ ಕುರ್ಚಿ, ಆದ್ದರಿಂದ ಲಿಫ್ಟು. ಇಳಿಯುವಾಗ ಕಸದ ಚೀಲ, ಆದ್ದರಿಂದ ಮೆಟ್ಟಿಲು. ನಿಮ್ಮ ನಿಯಮವನ್ನು ಅಕ್ಷರ ಬಿಡದೆ ಪಾಲಿಸಿದೆವು. ಹೀಗಾಗಿ ಹತ್ತಿದ ಕುರ್ಚಿ ಇಳಿಯಲೇ ಇಲ್ಲ. ಕೆಳಗೆ ಜನ ಗೋಡೆಗೆ ಒರಗಿ ನಿಂತರು. ಅವರಲ್ಲಿ ಕ್ಷಮೆ ಕೇಳುತ್ತೇನೆ, ನಿಮ್ಮಲ್ಲಲ್ಲ. ನಿಮಗೆ ವಿಷಯ ತಿಳಿದದ್ದು ಮೇಲಧಿಕಾರಿಗಳು ಬಂದು ಕೆಳಗಿನ ಹಾಲಿನಲ್ಲಿ ಕೂರಲು ಜಾಗ ಹುಡುಕಿದ ದಿನ. ಕುರ್ಚಿಗಾಗಿ ಪರದಾಡುವುದು ದೊಡ್ಡವರಿಗೆ ಹೊಸದಲ್ಲ ಬಿಡಿ. ಆದರೂ ಅಂದು ನೀವು ಓಡಿದ ಓಟ ನೋಡಿ, ನಿಮ್ಮ ಮಂಡಿ ಗಟ್ಟಿಯಿದೆ ಎಂದು ನಮಗೆ ಸಮಾಧಾನವಾಯಿತು.

ಸಂಜೆ ವಿಚಾರಣೆ ನಡೆಯಿತು. “ಏನಮ್ಮಾ, ಕುರ್ಚಿಗಳನ್ನೆಲ್ಲ ಮೇಲೆ ಯಾಕೆ ಸಾಗಿಸ್ದೆ?” ಎಂದು ಕೇಳಿದಿರಿ.

“ನಾನೆಲ್ಲಿ ಸಾಗಿಸ್ದೆ ಸ್ವಾಮೀ? ಅವೇ ನನ್ನನ್ನ ಸಾಗಿಸಿದ್ವು.”

ಗುಮಾಸ್ತರು ಕೆಮ್ಮಿನಂತೆ ನಕ್ಕರು. ನೀವು ನಗಲಿಲ್ಲ. “ನಾಳೆಯಿಂದ ಬರಬೇಡ,” ಎಂದಿರಿ.

ಪ್ರತಿ ಸಭೆಯಲ್ಲೂ ‘ಈ ಕಚೇರಿ ಒಂದು ಮನೆ, ನಾವೆಲ್ಲ ಒಂದೇ ಕುಟುಂಬ’ ಎನ್ನುತ್ತೀರಿ. ಇರಬಹುದು. ಆದರೆ ಆ ಮನೆಯಲ್ಲಿ ಹಿತ್ತಿಲ ಬಾಗಿಲು ಯಾರ ಪಾಲಿಗೆ ಎಂಬುದನ್ನು ಯಾವಾಗ ತೀರ್ಮಾನಿಸಿದಿರಿ? ಬೋರ್ಡು ಓದಿಯೂ ಸುಮ್ಮನೆ ಗುಂಡಿ ಒತ್ತಿ ಮೇಲೆ ಹೋದ ವಿದ್ಯಾವಂತರಿಗೂ ಇದೇ ಪ್ರಶ್ನೆ. ದೊಡ್ಡಮ್ಮ ಈಗ ಮನೆಯಲ್ಲಿ ಕುಳಿತು, ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತಾಳೆ. “ಆ ಏಳನೇ ಮಹಡಿ ಮೂಲೇನ ಯಾರೂ ಸರಿಯಾಗಿ ಒರೆಸಲ್ಲ ಕಣೇ,” ಎಂದು ನನಗೇ ಬೈಯುತ್ತಾಳೆ.

ನನ್ನ ಬೇಡಿಕೆ ಇಷ್ಟೇ. ದೊಡ್ಡಮ್ಮ ಕೆಲಸಕ್ಕೆ ಮರಳಬೇಕು, ಬರಿಗೈಯಲ್ಲಿ ಲಿಫ್ಟು ಹತ್ತಬೇಕು. ಅದು ಆಗದು ಎನ್ನುವುದಾದರೆ, ದಯವಿಟ್ಟು ನಮ್ಮನ್ನೂ ಸಾಮಾನು ಎಂದು ಘೋಷಿಸಿಬಿಡಿ. ಕಾಲು ಮುರಿದ ಕುರ್ಚಿಯನ್ನು ನೀವು ರಿಪೇರಿಗೆ ಕಳಿಸುತ್ತೀರಿ, ನಾನೇ ನೋಡಿದ್ದೇನೆ. ಮನೆಗೆ ಕಳಿಸುವುದಿಲ್ಲ.

ಇಂತಿ,
ಮೇಲೆ ಸೇರಿದ ಕುರ್ಚಿಗಳನ್ನು ಇಳಿಸಲು ದಿನವೂ ಮೆಟ್ಟಿಲು ಹತ್ತಿ, ಅವುಗಳ ದಯೆಯಿಂದ ಲಿಫ್ಟಿನಲ್ಲಿ ಇಳಿಯುತ್ತಿರುವ,
ದೊಡ್ಡಮ್ಮನ ತಂಗಿಯ ಮಗಳು